ಒಂದೇಟೂ ಹೊಡೆದಿಲ್ಲ ಅಂದರೆ ಮುಗಿಯಿತಾ?

ನಮಸ್ಕಾರ ಬಳ್ಳಾರಿ. ಇವತ್ತು ಸಿಟ್ಟಿನಲ್ಲಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಮೊನ್ನೆ ರಾಘವ ಕಲಾಮಂದಿರದಲ್ಲಿ ಒಂದು ನಾಟಕ ನೋಡಿದೆ. ಗಂಡ ದಿನಾ ರಾತ್ರಿ ಹೆಂಡತಿಯ ಫೋನ್ ಇಸಿದುಕೊಂಡು ನೋಡುತ್ತಾನೆ. ಸಂತೆಗೆ ಕೊಟ್ಟ ಇನ್ನೂರು ರೂಪಾಯಿಗೆ ಪೈಸೆ ಪೈಸೆ ಲೆಕ್ಕ ಕೇಳುತ್ತಾನೆ. ಆಕೆ ತವರಿಗೆ ಫೋನ್ ಮಾಡಿದರೆ ಮೂರು ದಿನ ಮಾತು ಬಿಡುತ್ತಾನೆ. ನಾಟಕ ಮುಗಿದ ಮೇಲೆ ಹೊರಗೆ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಹೇಳಿದರು, "ಒಂದೇಟೂ ಹೊಡೀಲಿಲ್ಲ, ಇದರಾಗ ದೌರ್ಜನ್ಯ ಎಲ್ಲೈತಿ?"

ಹೊಡೆಯದೆಯೂ ಹಿಂಸೆ ಕೊಡಬಹುದು ಸ್ವಾಮಿ. ಇವತ್ತು ನನ್ನ ಮಾತು ಇದೊಂದೇ.

ನಮ್ಮ ಕಡೆ ಜಾತ್ರೆ ನಾಟಕ ನೆನಪು ಮಾಡಿಕೊಳ್ಳಿ. ಗಂಡ ಕುಡಿದು ಬರುತ್ತಾನೆ, ಹೆಂಡತಿಯ ತುರುಬು ಹಿಡಿದು ಎಳೆಯುತ್ತಾನೆ. ಆಕೆ ಅಳುತ್ತಾಳೆ, ಜೊತೆಗೆ ಹಾರ್ಮೋನಿಯಂ ಅಳುತ್ತದೆ. ಕೊನೆಗೆ ಆಕೆ ಕ್ಷಮಿಸುತ್ತಾಳೆ, ಜನ ಸೀಟಿ ಹೊಡೆಯುತ್ತಾರೆ. ಇಂಥದ್ದನ್ನೇ ನೋಡಿ ನೋಡಿ ನಮ್ಮ ಕಣ್ಣು ಏಟನ್ನು ಮಾತ್ರ ಹುಡುಕುತ್ತದೆ. ಕುಡಿಯದ, ಮೆತ್ತಗೆ ಮಾತಾಡುತ್ತಲೇ ಹಿಂಡುವ ಗಂಡ ಬಂದರೆ "ಬಂಗಾರದಂಥ ಮನುಷ್ಯ" ಅಂದುಬಿಡುತ್ತೇವೆ.

ಗಿರೀಶ ಕಾರ್ನಾಡರ 'ನಾಗಮಂಡಲ' ನೋಡಿದ್ದೀರಲ್ವಾ? ಅಪ್ಪಣ್ಣ ಮಧ್ಯಾಹ್ನ ಬರುತ್ತಾನೆ, ಉಣ್ಣುತ್ತಾನೆ, ಹೆಂಡತಿ ರಾಣಿಯನ್ನು ಒಳಗೆ ಬಿಟ್ಟು ಬೀಗ ಜಡಿದು ಹೋಗುತ್ತಾನೆ. ಆ ಬೀಗ ಏಟಿಗಿಂತ ಕಡಿಮೆಯಾ? ಕೊನೆಗೆ ಊರಿನವರು ಶೀಲದ ಪರೀಕ್ಷೆಗೆ ನಿಲ್ಲಿಸಿದ್ದು ಯಾರನ್ನು? ಬೀಗ ಹಾಕಿದವನನ್ನಲ್ಲ, ರಾಣಿಯನ್ನು!

1938ರಲ್ಲಿ ಇಂಗ್ಲೆಂಡಿನಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ 'ಗ್ಯಾಸ್ ಲೈಟ್' ಅಂತ ನಾಟಕ ಬರೆದರು. ಗಂಡ ಮನೆಯ ಸಾಮಾನು ತಾನೇ ಬಚ್ಚಿಡುತ್ತಾನೆ, "ನಿನಗೆ ಮರೆವು, ನಿನ್ನ ತಲೆ ಸರಿಯಿಲ್ಲ" ಅಂತ ಹೆಂಡತಿಯನ್ನೇ ನಂಬಿಸುತ್ತಾನೆ. ಇವತ್ತು ಹುಡುಗಿಯರು ಗ್ಯಾಸ್‌ಲೈಟಿಂಗ್ ಅನ್ನುತ್ತಾರಲ್ಲ, ಆ ಪದ ಬಂದದ್ದು ಈ ನಾಟಕದಿಂದ. ಹೆಸರಿಲ್ಲದ ನೋವಿಗೆ ನಾಟಕ ಒಂದು ಹೆಸರು ಕೊಟ್ಟಿತು. ಹೀಗೆ ಹೆಂಡತಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ ಅಂತ ಅಲ್ಲಿ ಕಾನೂನು ಆಗಿದ್ದು 2015ರಲ್ಲಿ. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲೂ ಮಾತಿನ ಹಿಂಸೆ, ಮನಸ್ಸಿನ ಹಿಂಸೆ, ದುಡ್ಡು ತಡೆಹಿಡಿಯುವ ಹಿಂಸೆ ಎಲ್ಲ ಬರೆದಿದೆ. ಕಾನೂನಿಗೆ ಕಂಡದ್ದು ನಮಗೆ ಯಾಕೆ ಕಾಣಬಾರದು?

2019-20ರಲ್ಲಿ ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಆಯಿತು. ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಕಂಡಿದ್ದಾರೆ. ಅದು ಬರೀ ದೈಹಿಕ, ಲೈಂಗಿಕ ಹಿಂಸೆಯ ಲೆಕ್ಕ. ಬೀಗದ ಲೆಕ್ಕ ಅದರಲ್ಲಿ ಇಲ್ಲ!

"ಕಾಳಜಿಯಿಂದ ಫೋನ್ ನೋಡುತ್ತಾನೆ" ಅನ್ನುತ್ತೀರಾ? ಹಾಗಾದರೆ ನಿಮ್ಮ ಫೋನನ್ನು ಇವತ್ತು ರಾತ್ರಿ ಹೆಂಡತಿ ಕೈಗೆ ಕೊಡಿ. "ಮನೆ ವಿಷಯ ರಂಗದ ಮೇಲೆ ಯಾಕೆ?" ದ್ರೌಪದಿಯ ಸೀರೆ ಎಳೆದದ್ದು ಮನೆಯವರೇ ಅಲ್ವಾ? ಅದನ್ನು ರಾತ್ರಿಯೆಲ್ಲ ಕೂತು ನೋಡುತ್ತೀರಿ. "ಗಂಡಸರಿಗೂ ಕಷ್ಟ ಇದೆ." ಇದೆ. ಅದರ ಮೇಲೂ ನಾಟಕ ಬರೆಯಿರಿ, ಮೊದಲ ಸಾಲಿನಲ್ಲಿ ಕೂತು ನೋಡುತ್ತೇನೆ. ಇದನ್ನು ತಡೆಯಬೇಡಿ.

ಸಬ್‌ಸ್ಕ್ರೈಬ್ ಮಾಡದವರು ಮಾಡಿ, ಮುಂದಿನ ವಾರ ತೊಗಲುಗೊಂಬೆ ವಿಡಿಯೊ ಬರುತ್ತದೆ.

ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ರಂಗಕ್ಕೆ ಕರೆತಂದ ಬಳ್ಳಾರಿ ರಾಘವರ ಊರು ಇದು. ಅವರ ಹೆಸರಿನ ಮಂದಿರದ ಬಾಗಿಲಲ್ಲಿ ನಿಂತು "ಒಂದೇಟೂ ಹೊಡೀಲಿಲ್ಲ" ಅನ್ನುತ್ತೀರಲ್ಲ! ಆಕೆ ಉಸಿರಾಡುವುದಕ್ಕೂ ಅಪ್ಪಣೆ ಕೇಳಬೇಕು, ಏಟು ಬಿದ್ದಿಲ್ಲ ಅಂತ ನಿಮಗೆ ಸಮಾಧಾನ. ನನಗೆ ಸಮಾಧಾನ ಇಲ್ಲ, ಇಲ್ಲ, ಇಲ್ಲ.

ಸಿರುಗುಪ್ಪ, ಕುರುಗೋಡು, ಸಂಡೂರು ಕಡೆ ಜಾತ್ರೆ ನಾಟಕ ಆಡಿಸುವವರು ಕೇಳಿ. ಬೀಗದ ಒಂದು ದೃಶ್ಯ ನಾನೇ ಬರೆದುಕೊಡುತ್ತೇನೆ. ದುಡ್ಡು ಬೇಡ. ಇದನ್ನು ನೋಡುತ್ತಿರುವ ತಂಗಿ, ನಿನ್ನ ಮನೆಯಲ್ಲೂ ಹೀಗೇ ಇದ್ದರೆ ಹೆಣ್ಣುಮಕ್ಕಳ ಸಹಾಯವಾಣಿ 181ಕ್ಕೆ ಫೋನ್ ಮಾಡು. ಅವನು ಮನೆಯಲ್ಲಿ ಇಲ್ಲದಾಗ ಮಾಡು. ಆಮೇಲೆ ಆ ನಂಬರ್ ಅಳಿಸಿಬಿಡು.