ತೋಟ ಓದಲು ಯಾರೆಲ್ಲ ಬೇಕು?

ಕೇಳುಗರಿಗೆ ನಮಸ್ಕಾರ.

ಉಪಗ್ರಹ ತೆಗೆದ ಚಿತ್ರದಲ್ಲಿ ಕೊಡಗು ಬಹುಪಾಲು ಹಸಿರು. ಎಲ್ಲಿ ಕಾಡು ಮುಗಿಯಿತು, ಎಲ್ಲಿ ಕಾಫಿ ತೋಟ ಶುರುವಾಯಿತು ಅಂತ ಹೇಳುವುದು ಪಳಗಿದವರಿಗೂ ಕಷ್ಟ. ಮರದ ತಲೆ ಕಾಣುತ್ತದೆ, ಅಡಿಯಲ್ಲಿರುವ ಕಾಫಿ ಗಿಡ ಕಾಣುವುದಿಲ್ಲ ಅಲ್ವಾ?

ತೋಟಕ್ಕೆ ಇಳಿದು ನೋಡಿ. ಹಲಸು, ಅತ್ತಿ, ನಂದಿ ಇದ್ದ ಎಷ್ಟೋ ಕಡೆ ಈಗ ಸಾಲು ಸಾಲು ಸಿಲ್ವರ್ ಓಕ್ ಮರ. ನೆಟ್ಟಗೆ, ಬೇಗ ಬೆಳೆಯುತ್ತದೆ. ಮೆಣಸಿನ ಬಳ್ಳಿಯನ್ನೂ ಹಬ್ಬಿಸಬಹುದು. ಸಸ್ಯಶಾಸ್ತ್ರದವರು ಇಷ್ಟಕ್ಕೇ ನಿಲ್ಲಿಸಬಹುದು. ಬೆಳೆಗಾರರನ್ನು ಕೇಳಿದರೆ ಮಾತು ಕಂದಾಯದ ಕಡತಕ್ಕೆ ಹೋಗುತ್ತದೆ. ರಿಡೀಮ್ ಆಗದ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗದಲ್ಲಿ ಕಾಡುಮರದ ಹಕ್ಕು ಸರ್ಕಾರದ್ದು. ನಂದಿ ಮರ ನಿಂತಿರುವುದು ಅವರ ತೋಟದಲ್ಲೇ, ಆದರೂ ಸರ್ಕಾರಕ್ಕೆ ಬೆಲೆ ಕಟ್ಟದೆ ಮಾರುವಂತಿಲ್ಲ. ಸಿಲ್ವರ್ ಆಸ್ಟ್ರೇಲಿಯಾದಿಂದ ಬಂದ ಮರ, ಕಡಿದು ಮಾರುವುದು ಸಲೀಸು. ಹೀಗಿರುವಾಗ ಯಾವುದನ್ನು ನೆಡುತ್ತಾರೆ, ನೀವೇ ಹೇಳಿ. 1834ರಲ್ಲಿ ಕೊಡಗನ್ನು ಹಿಡಿದ ಬ್ರಿಟಿಷರು 1899ರಲ್ಲಿ ಇಲ್ಲಿಗೊಂದು ಭೂಕಂದಾಯ ಕಾಯಿದೆ ಮಾಡಿದರು. ಅಲ್ಲಿಂದ ಬಂದ ಹಕ್ಕುಗಳ ಲೆಕ್ಕ ತಿಳಿಯದೆ ಮರ ಎಣಿಸಿದರೆ ಸುಮ್ನೆ ಎಣಿಸಿದ ಹಾಗೆ.

ಪಾಳುಬಿದ್ದ ಗದ್ದೆಯದ್ದೂ ಇದೇ ಪಾಡು. ಕೂಲಿ ಜಾಸ್ತಿಯಾಯಿತು ಅನ್ನುತ್ತಾರೆ ಅರ್ಥಶಾಸ್ತ್ರದವರು. ಮಕ್ಕಳು ಬೆಂಗಳೂರು ಸೇರಿದರು ಅನ್ನುತ್ತಾರೆ ಸಮಾಜಶಾಸ್ತ್ರದವರು. ತಲೆತಲಾಂತರದಿಂದ ಬಂದ ಜಮ್ಮಾ ಜಾಗ ಒಕ್ಕಕ್ಕೆ, ಅಂದರೆ ಇಡೀ ಕೂಡುಕುಟುಂಬಕ್ಕೆ ಸೇರಿದ್ದು, ಒಬ್ಬರೇ ತೀರ್ಮಾನ ಮಾಡಲಾಗದು ಅನ್ನುತ್ತಾರೆ ವಕೀಲರು. ಮಳೆನೀರು ನಿಂತು ಇಂಗುವ ಜಾಗ ಹೋಯಿತಲ್ಲ ಅಂತ ನೀರಿನ ತಜ್ಞರ ಚಿಂತೆ. ಎಲ್ಲವೂ ನಿಜವೇ. ಆದರೆ ಒಂದೊಂದು ನಿಜ ಒಂದೊಂದು ವರದಿಯಲ್ಲಿ ಕೂತಿದೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತು. ಏಕೆ ಕುಸಿಯಿತು ಅಂತ ಭೂವಿಜ್ಞಾನ ಹೇಳುತ್ತದೆ. ಮನೆ ಕಳೆದುಕೊಂಡವರಿಗೆ ಬೇರೆ ಕಡೆ ಮನೆ ಕಟ್ಟಿಕೊಡಬಹುದು, ಅವರ ತೋಟವನ್ನು ಎತ್ತಿ ತರಲಾಗುತ್ತದೆಯೇ? ತೋಟದ ಕೆಲಸಗಾರರ ಸಾಲುಮನೆ, ಅಂದರೆ ಲೈನ್‌ಮನೆಯಲ್ಲಿದ್ದವರ ಹೆಸರಿನಲ್ಲಿ ಜಾಗವೇ ಇಲ್ಲದಿದ್ದರೆ ಏನನ್ನು ತೋರಿಸಿ ಪರಿಹಾರ ಕೇಳುವುದು? ಇದು ಯಾವ ವಿಭಾಗದ ಪ್ರಶ್ನೆ?

ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವಿದೆ. ಬೇರೆ ಬೇರೆ ವಿಷಯ ಓದುವ ಮಕ್ಕಳು ಒಂದೇ ತೋಟಕ್ಕೆ ಒಟ್ಟಿಗೆ ಹೋಗಲಿ. ಮಾಲೀಕರ ಜಗಲಿಯಲ್ಲಿ ಕಾಫಿ ಕುಡಿದು ವಾಪಸ್ ಬರುವುದು ಸಾಲದು, ಲೈನ್‌ಮನೆಗೂ ಹೋಗಬೇಕು. ಅಲ್ಲಿ ಯರವ ಬುಡಕಟ್ಟಿನವರು ಇರಬಹುದು, ಅಸ್ಸಾಮಿನಿಂದ ಬಂದವರೂ ಇರಬಹುದು. ಅವರ ಮಾತು ಬಲ್ಲವರೊಬ್ಬರು ಜೊತೆಗಿರಲಿ. ಬರೆದ ವರದಿಯ ಒಂದು ಪ್ರತಿ, ಕನ್ನಡದಲ್ಲಿ, ಆ ಊರಿನ ಪಂಚಾಯಿತಿಗೆ ತಲುಪಲಿ.

ನಮಸ್ಕಾರ.