ಮನೆ ಬೆಂಗಳೂರಲ್ಲಿ, ವೋಟು ಊರಲ್ಲಿ: ವಾರ್ಡ್ ಪಟ್ಟಿಯಲ್ಲಿ ನಮ್ಮ ಹೆಸರು ಯಾಕಿಲ್ಲ?

[ದೃಶ್ಯ: ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಜೆ ಹೊತ್ತು]

ಚುನಾವಣೆಯ ಹಿಂದಿನ ಸಂಜೆ ಮೆಜೆಸ್ಟಿಕ್‌ಗೆ ಹೋಗಿ ನೋಡಿ. ಹಾಸನದ ಬಸ್ಸು, ಮಂಡ್ಯದ ಬಸ್ಸು, ಹುಬ್ಬಳ್ಳಿ ಬಸ್ಸು, ಎಲ್ಲ ತುಂಬಿ ತುಳುಕುತ್ತಿರುತ್ತವೆ. ಯಾರನ್ನು ಕೇಳಿದರೂ ಒಂದೇ ಮಾತು: 'ವೋಟು ಊರಲ್ಲಿದೆ.' ರಾತ್ರಿಯೆಲ್ಲ ಪ್ರಯಾಣ ಮಾಡಿ ವೋಟು ಹಾಕಿ ಬರುವವರನ್ನು ಕಂಡರೆ ನನಗೆ ತುಂಬಾ ಗೌರವ. ಆದರೆ ಇವರ ಮನೆ ಮುಂದಿನ ಕಸ, ಬೀದಿ ದೀಪ, ಮಳೆ ಬಂದರೆ ನುಗ್ಗುವ ಚರಂಡಿ ನೀರು ಇರುವುದು ಇಲ್ಲಿ. ಕಾರ್ಪೊರೇಟರ್ ಚುನಾವಣೆ ಬಂದರೆ ಇಲ್ಲಿನ ಪಟ್ಟಿಯಲ್ಲಿ ಇವರ ಹೆಸರೇ ಇರಲ್ಲ.

ನಿಮ್ಮಲ್ಲೊಬ್ಬರು ಕೇಳಿದ್ದಿರಿ: 'ಎಂಎಲ್‌ಎ ಚುನಾವಣೆಗೆ ವೋಟು ಹಾಕಿದ್ದೀನಿ, ಪಾಲಿಕೆಗೆ ಬೇರೆ ಹೆಸರು ಕೊಡಬೇಕಾ?'

ಬೇಡ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವ ದೆಹಲಿಯ ಆಯೋಗ ಬೇರೆ, ಇದು ಬೇರೆ. ಆದರೆ ಪಟ್ಟಿಗೆ ಆಧಾರ ವಿಧಾನಸಭೆಯ ಮತದಾರರ ಪಟ್ಟಿಯೇ. ಅದನ್ನೇ ವಾರ್ಡ್‌ವಾರು ಹಂಚುತ್ತಾರೆ. ಅಲ್ಲಿ ನಿಮ್ಮ ಯಾವ ವಿಳಾಸ ಇದೆಯೋ ಅದೇ ವಾರ್ಡು. ಎರಡು ಸಲ ಮನೆ ಬದಲಿಸುವ ಮುಂಚಿನ ವಿಳಾಸವೇ ಇದ್ದರೆ, ಆ ಹಳೇ ಮನೆಯ ವಾರ್ಡೇ.

[ದೃಶ್ಯ: ಟೆಂಪೋಗೆ ಸಾಮಾನು ತುಂಬುತ್ತಿರುವ ಕುಟುಂಬ]

ಇಲ್ಲಿ ಸ್ವಲ್ಪ ನಿಲ್ಲೋಣ. ಈ ವಿಷಯ ಗೊತ್ತಾದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಲ್ಲಿ ಮನೆ ಬದಲಿಸುವುದು ಹೇಗೆ ಅಂತ ನಿಮಗೇ ಗೊತ್ತು. ಒಳ್ಳೆ ದಿನ ನೋಡಿ ಹಾಲು ಉಕ್ಕಿಸುತ್ತೇವೆ. ಗ್ಯಾಸ್ ವಿಳಾಸ ಬದಲಿಸುತ್ತೇವೆ. ತುಳಸಿ ಕುಂಡವನ್ನು ತೊಡೆ ಮೇಲಿಟ್ಟುಕೊಂಡು ಆಟೋದಲ್ಲಿ ಒಯ್ಯುತ್ತೇವೆ. ವೋಟು ಮಾತ್ರ ಹಳೇ ಮನೆಯಲ್ಲೇ ಉಳಿಯುತ್ತದೆ. ಮರೆವು ಒಂದು ಕಾರಣ. ಇನ್ನೊಂದು ಕಾರಣ ಬಾಡಿಗೆ ಕರಾರಿನಲ್ಲೇ ಇದೆ.

ಕರಾರು ಯಾಕೆ 11 ತಿಂಗಳಿಗೇ ಮಾಡುತ್ತಾರೆ? ಒಂದು ವರ್ಷ ದಾಟಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದು 1908ರ ನೋಂದಣಿ ಕಾಯ್ದೆ. ಅದಕ್ಕೆ ಖರ್ಚು, ಓಡಾಟ. 11 ತಿಂಗಳಾದರೆ ಛಾಪಾ ಕಾಗದದಲ್ಲಿ ಸಹಿ ಹಾಕಿದರೆ ಮುಗಿಯಿತು. ಈಗ ಮತದಾರರ ಅರ್ಜಿ ತೆಗೆದು ನೋಡಿ. ವಿಳಾಸಕ್ಕೆ ಯಾವ ದಾಖಲೆ ನಡೆಯುತ್ತದೆ ಅನ್ನುವ ಜಾಗದಲ್ಲಿ ಬಾಡಿಗೆದಾರರಿಗೆ ಬರೆದಿರುವುದು 'ನೋಂದಾಯಿತ' ಬಾಡಿಗೆ ಕರಾರು! ನಮ್ಮ ಹತ್ತಿರ ಇರದ ಕಾಗದ ಅದೊಂದೇ. ವಿದ್ಯುತ್ ಬಿಲ್ ನಡೆಯುತ್ತದೆ, ಆದರೆ ಅದು ಓನರ್ ಹೆಸರಲ್ಲಿ ಇರುತ್ತದೆ ಅಲ್ವಾ?

ಎಷ್ಟೋ ಜನ ಇಲ್ಲಿಗೇ ಕೈ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಆಧಾರ್‌ನಲ್ಲಿ ಹೊಸ ವಿಳಾಸ ಇದ್ದರೆ ಸಾಕು. ಬ್ಯಾಂಕ್ ಪಾಸ್‌ಬುಕ್ ಆಗುತ್ತದೆ. ಯಾವುದೂ ಇಲ್ಲದಿದ್ದರೆ ಬೇರೆ ದಾಖಲೆ ಕೊಡಬಹುದು, ಬೂತ್ ಮಟ್ಟದ ಅಧಿಕಾರಿ ಮನೆಗೆ ಬಂದು ನೋಡಬೇಕು. ನಾನು ಬನಶಂಕರಿಗೆ ಬಂದಾಗ ಪಾಸ್‌ಬುಕ್ ವಿಳಾಸ ಮೊದಲು ಬದಲಿಸಿ, ಅದನ್ನೇ ಇಟ್ಟು ಅರ್ಜಿ ಹಾಕಿದೆ. ಕೆಲಸ ಆಯಿತು.

[ದೃಶ್ಯ: ನಗರದ ನಕ್ಷೆ]

ಮನೆ ಬದಲಿಸದವರೂ ಒಮ್ಮೆ ಪಟ್ಟಿ ನೋಡಿ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಆಗ 198 ವಾರ್ಡುಗಳು. ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ. ಆದರೂ ವಾರ್ಡ್ ಗಡಿ, ಮೀಸಲಾತಿ, ಕೋರ್ಟ್ ಕೇಸು ಅಂತ ವರ್ಷಗಳೇ ಕಳೆದವು. ನನಗೆ ಇದು ಸಿಟ್ಟು ತರಿಸುವ ವಿಷಯ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆ ಬಂದವು, ಆಮೇಲೆ ವಾರ್ಡುಗಳು 369 ಆದವು. ನೀವು ಕದಲದಿದ್ದರೂ ನಿಮ್ಮ ವಾರ್ಡು ಕದಲಿದೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳ್ತೀನಿ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8. 17 ತುಂಬಿದವರು ಮುಂಚೆಯೇ ಅರ್ಜಿ ಹಾಕಬಹುದು. 18 ಆಯಿತಾ ಅಂತ ಈಗ ವರ್ಷಕ್ಕೆ ನಾಲ್ಕು ದಿನಾಂಕದ ಮೇಲೆ ಲೆಕ್ಕ ಹಾಕುತ್ತಾರೆ. ಗೊಂದಲ ಇದ್ದರೆ 1950ಕ್ಕೆ ಕರೆ ಮಾಡಿ. ವೋಟರ್ ಐಡಿ ಕೈಯಲ್ಲಿದೆ ಅಂತ ಸುಮ್ನೆ ಕೂರಬೇಡಿ, ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ವೋಟು. ವೋಟು ಹಾಕಿ ಬಂದವರಿಗೆ ಕೆಲವು ಹೋಟೆಲಿನವರು ಪ್ರೀತಿಯಿಂದ ಉಚಿತ ದೋಸೆ ಕೊಡುತ್ತಾರೆ, ಖುಷಿಯೇ. ಆದರೆ ಅವತ್ತು ಪಟ್ಟಿಗೆ ಹೆಸರು ಸೇರಿಸಲು ಆಗಲ್ಲ.

ಇನ್ನು ಅಮ್ಮಂದಿರು ಕೇಳುವ ಪ್ರಶ್ನೆ: 'ಊರಿನ ಪಟ್ಟಿಯಿಂದ ಹೆಸರು ಹೋದರೆ ಜಮೀನಿಗೆ ತೊಂದರೆ ಆಗಲ್ವಾ?' ಆಗಲ್ಲ. ಪಹಣಿಗೂ ವೋಟಿಗೂ ಸಂಬಂಧ ಇಲ್ಲ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಮಾತ್ರ ಕಾನೂನಿಗೆ ವಿರುದ್ಧ. ಊರಲ್ಲೋ ಇಲ್ಲೋ ಅಂತ ಮನೆಯವರೆಲ್ಲ ಕೂತು ಮಾತಾಡಿ.

ನಿಮ್ಮ ಹೊಸ ವಾರ್ಡಿನ ಹೆಸರು ಗೊತ್ತಿದ್ದರೆ ಕೆಳಗೆ ಬರೆಯಿರಿ. ಗೊತ್ತಿಲ್ಲದಿದ್ದರೆ ನಿಮ್ಮ ಬಡಾವಣೆ ಹೆಸರು ಬರೆಯಿರಿ, ಹುಡುಕಿ ಹೇಳ್ತೀನಿ.