ಭಾನುವಾರದ ಡ್ರಿಲ್ಲಿಂಗ್ ಮತ್ತು ಐದು ಬೋಳು ನೆತ್ತಿಗಳು

ಹೋದ ಭಾನುವಾರ ಬೆಳಿಗ್ಗೆ ಒಂದು ಹಾಡು ಹಾಕಿದ್ದೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು, "ರೀ, ಯಾರ್ರೀ ಅದು ಭಾನುವಾರ ಡ್ರಿಲ್ಲಿಂಗ್ ಮಾಡ್ತಿರೋದು?" ಜರ್ಮನಿಯಲ್ಲಿ ಇರುವವರಿಗೆ ಇದು ಎಂಥ ಆರೋಪ ಅಂತ ಗೊತ್ತು. ಇಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆದರೂ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. "ಡ್ರಿಲ್ಲಿಂಗ್ ಅಲ್ಲ ಮಾರಾಯ್ತಿ, ಬ್ಯಾಂಜೋ" ಅಂದೆ. ನಂಬಲಿಲ್ಲ.

ಬ್ಯಾಂಜೋ ಅಂದರೆ ಗಿಟಾರ್ ಥರದ ಒಂದು ತಂತಿವಾದ್ಯ. ಆ ಬ್ಯಾಂಜೋದ ಜಾಡು ಹಿಡಿದು ಇವತ್ತು ಗೆಲ್ನ್‌ಹೌಸೆನ್‌ಗೆ ಬಂದಿದ್ದೇನೆ. ಫ್ರಾಂಕ್‌ಫರ್ಟ್‌ನಿಂದ ಟ್ರೇನಿನಲ್ಲಿ ಒಂದು ಗಂಟೆಯೂ ಬೇಡ. ಈಗ ಕಾಣಿಸುತ್ತಿರುವ ಕಲ್ಲಿನ ಕಮಾನುಗಳು ಬಾರ್ಬರೋಸಾ ಚಕ್ರವರ್ತಿಯ ಅರಮನೆಯವು, 12ನೇ ಶತಮಾನದ್ದು. ಚೆನ್ನಾಗಿದೆ, ನೋಡಿ. ಆದರೆ ನಾನು ಬಂದಿದ್ದು ಚಕ್ರವರ್ತಿಗಾಗಿ ಅಲ್ಲ. 1960ರ ದಶಕದಲ್ಲಿ ಈ ಊರಲ್ಲಿ ಅಮೆರಿಕದ ಸೈನಿಕರ ಶಿಬಿರ ಇತ್ತು. ಅಲ್ಲಿದ್ದ ಐವರು ಹುಡುಗರು ಸೇರಿ ಒಂದು ಬ್ಯಾಂಡ್ ಕಟ್ಟಿದರು. ಸೇನೆಯ ಕೆಲಸ ಮುಗಿದ ಮೇಲೂ ಊರಿಗೆ ಹೋಗದೆ ಇಲ್ಲೇ ಉಳಿದುಬಿಟ್ಟರು. ಹೆಸರು ಮೊದಲು ಟಾರ್ಕೀಸ್, ಆಮೇಲೆ ಮಂಕ್ಸ್. ಅಂದರೆ ಕ್ರೈಸ್ತ ಸನ್ಯಾಸಿಗಳು.

ಬರೀ ಹೆಸರಿಗಲ್ಲ. ಕಪ್ಪು ಬಟ್ಟೆ, ಕೊರಳಲ್ಲಿ ಟೈ ಬದಲು ಹಗ್ಗ. ನಡುನೆತ್ತಿ ನುಣ್ಣಗೆ ಬೋಳಿಸಿ ಸುತ್ತ ಕೂದಲು ಬಿಟ್ಟಿದ್ದರು. ಬೀಟಲ್ಸ್ ನೋಡಿ ಊರಿನ ಹುಡುಗರೆಲ್ಲ ಕೂದಲು ಬಿಡುತ್ತಿದ್ದ ಕಾಲದಲ್ಲಿ! (ನನಗೆ ಆ ಸ್ಟೈಲ್ ಖರ್ಚಿಲ್ಲದೆ ತಾನಾಗೇ ಬರುತ್ತಿದೆ, ಅದು ಬೇರೆ ವಿಷಯ.)

ಸದ್ದಿನ ವಿಷಯಕ್ಕೆ ಬರೋಣ. ಒಂದು ದಿನ ಪ್ರಾಕ್ಟೀಸ್ ನಡುವೆ ಹಾಡುಗಾರ ಗ್ಯಾರಿ ಬರ್ಗರ್ ತನ್ನ ಗಿಟಾರನ್ನು ಆಂಪ್ಲಿಫೈಯರ್‌ಗೆ ಒರಗಿಸಿ ಆಚೆ ಹೋದನಂತೆ. ಸ್ವಿಚ್ ಆಫ್ ಮಾಡಿರಲಿಲ್ಲ. ಗಿಟಾರ್ ಊಳಿಡೋಕೆ ಶುರು ಮಾಡಿತು. ನಮ್ಮೂರ ಗಣಪತಿ ಪೆಂಡಾಲಿನಲ್ಲಿ ಮೈಕ್ ಕುಂಯ್ಯ್ ಅಂದರೆ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರಲ್ಲ, ಅದೇ ಸದ್ದು. ಬೇರೆಯವರಾಗಿದ್ದರೆ ಓಡಿಹೋಗಿ ಆರಿಸುತ್ತಿದ್ದರು. ಡ್ರಮ್ಮರ್ ರೋಜರ್ ಜಾನ್‌ಸ್ಟನ್ ಆ ಊಳಿಗೆ ತಾಳ ಹಾಕಿದ.

ಬ್ಯಾಂಜೋದ ಕತೆಯೂ ಹಾಗೇ. ಡೇವ್ ಡೇ ಮೊದಲು ಗಿಟಾರ್ ನುಡಿಸುತ್ತಿದ್ದವ. ಅವನ ಕೈಗೆ ಆರು ತಂತಿಯ ಬ್ಯಾಂಜೋ ಬಂತು, ಒಳಗೆ ಮೈಕ್ ಕೂರಿಸಿದರು. ಅವನು ರಾಗ ತೆಗೆಯುವುದಿಲ್ಲ, ಬಡಿಯುತ್ತಾನೆ. ತಗಡಿನ ಸೂರಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಇಯರ್‌ಫೋನ್ ಹಾಕಿ ಕೇಳಿದರೆ ಆ ಟಕಟಕ ಡ್ರಮ್ಮಿನದೋ ಬ್ಯಾಂಜೋದೋ ಅಂತ ಗೊತ್ತೇ ಆಗುವುದಿಲ್ಲ. ಹೆಂಡತಿ ಹೇಳಿದ್ದು ಪೂರ್ತಿ ಸುಳ್ಳಲ್ಲ.

1966ರಲ್ಲಿ 'ಬ್ಲ್ಯಾಕ್ ಮಂಕ್ ಟೈಮ್' ಆಲ್ಬಮ್ ಬಂತು, ಪಾಲಿಡಾರ್ ಕಂಪನಿಯಿಂದ. ಮೊದಲ ಹಾಡಿನಲ್ಲೇ ವಿಯೆಟ್ನಾಂ ಯುದ್ಧದ ಮೇಲೆ ಸಿಟ್ಟು. ಹಾಡುತ್ತಿರುವವರು ಮಾಜಿ ಸೈನಿಕರು! ಅಮೆರಿಕದಲ್ಲಿ ಆಗ ಅದು ಬಿಡುಗಡೆಯೇ ಆಗಲಿಲ್ಲ. ಜರ್ಮನಿಯಲ್ಲೂ ಅಷ್ಟಕ್ಕಷ್ಟೇ. ಕುಣಿಯೋಕೆ ಕ್ಲಬ್ಬಿಗೆ ಬಂದವರು ಸುಮ್ನೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರಂತೆ.

ಆಮೇಲೆ ನಡೆದದ್ದು ನನಗೆ ಇಷ್ಟವಾಗದ ಭಾಗ. ಸ್ವಲ್ಪ ಮೆದು ಮಾಡೋಣ, ಆಗ ಮಾರಾಟವಾಗಬಹುದು ಅಂದುಕೊಂಡರು. ಮುಂದಿನ ಸಿಂಗಲ್‌ಗಳು (ಒಂದೆರಡು ಹಾಡಿನ ಪುಟ್ಟ ರೆಕಾರ್ಡುಗಳು) ಸಪ್ಪೆ. ಉಪ್ಪು ಖಾರ ಕಮ್ಮಿ ಮಾಡಿದ ಸಾರು. ಅವೂ ಓಡಲಿಲ್ಲ. 1967ಕ್ಕೆ ಬ್ಯಾಂಡ್ ಮುಗಿಯಿತು. ಇವತ್ತು ಜನ ಹುಡುಕಿಕೊಂಡು ಹೋಗುವುದು ಆ ಮೆದು ಹಾಡುಗಳನ್ನಲ್ಲ, ಯಾರ ಮುಲಾಜೂ ಇಲ್ಲದೆ ಮಾಡಿದ ಆ ಒಂದು ಆಲ್ಬಮ್ಮನ್ನು. ಗ್ಯಾರೇಜ್ ಬ್ಯಾಂಡುಗಳ, ಅಂದರೆ ನಯನಾಜೂಕಿಲ್ಲದೆ ಒರಟಾಗಿ ರಾಕ್ ನುಡಿಸುವ ಇಂಥ ಹುಡುಗರ ಗುಂಪುಗಳ, ಮೇಲಿನ ಹುಚ್ಚೇ ಹೀಗೆ ಅನಿಸುತ್ತದೆ. ಚೆನ್ನಾಗಿ ನುಡಿಸುವವರು ಜಾಸ್ತಿ ಸಿಗುತ್ತಾರೆ. ಇಂಥವರು ಇನ್ನೊಬ್ಬರು ಸಿಗುವುದಿಲ್ಲ, ಅಲ್ವಾ?

ಇಂಥ ಮರೆತುಹೋದ ಹಾಡುಗಳನ್ನು ಹೆಕ್ಕಿ 1972ರಲ್ಲಿ ಅಮೆರಿಕದ ಗಿಟಾರ್ ವಾದಕ, ಸಂಗೀತ ಬರಹಗಾರ ಲೆನ್ನಿ ಕೇ 'ನಗೆಟ್ಸ್' ಅಂತ ಒಂದು ಸಂಗ್ರಹ ಮಾಡಿದ. ಗ್ಯಾರೇಜ್ ರಾಕ್ ಕೇಳುವವರಿಗೆ ಅದೇ ಪಂಚಾಂಗ. ಅದರಲ್ಲೂ ಮಂಕ್ಸ್ ಇಲ್ಲ! ಹಳೆಯ ರೆಕಾರ್ಡ್ ಕೈಯಿಂದ ಕೈಗೆ ದಾಟುತ್ತ, ಕ್ಯಾಸೆಟ್ಟಿಗೆ ಇಳಿಯುತ್ತ ಉಳಿಯಿತು. 1990ರಲ್ಲಿ ಇಂಗ್ಲೆಂಡಿನ ದಿ ಫಾಲ್ ಬ್ಯಾಂಡ್ ಅವರ ಹಾಡನ್ನು ಹಾಡಿತು. 1999ರಲ್ಲಿ ಐವರೂ ನ್ಯೂಯಾರ್ಕ್‌ನಲ್ಲಿ ಮತ್ತೆ ವೇದಿಕೆ ಹತ್ತಿದರು. ಮಂಕ್ಸ್ ಹೆಸರಿನಲ್ಲಿ ತಮ್ಮದೇ ದೇಶದಲ್ಲಿ ಅವರ ಮೊದಲ ಕಾರ್ಯಕ್ರಮ ಅದು, 30 ವರ್ಷ ಕಳೆದ ಮೇಲೆ. ಬರ್ಗರ್ ಕೊನೆಗೆ ಮಿನ್ನೆಸೋಟದ ಟರ್ಟಲ್ ರಿವರ್ ಅನ್ನುವ ಪುಟ್ಟ ಊರಿಗೆ ಮೇಯರ್ ಆಗಿದ್ದ. 2014ರಲ್ಲಿ ತೀರಿಕೊಂಡ.

ಸರಿ, ಟ್ರೇನ್ ಬಂತು. ಮನೆ ಸೇರುವಷ್ಟರಲ್ಲಿ ರಾತ್ರಿ ಹತ್ತು ದಾಟುತ್ತದೆ. ಹತ್ತರ ಮೇಲೆ ಇಲ್ಲಿ ಯಾವ ದಿನವೂ ಗಲಾಟೆ ಮಾಡುವಂತಿಲ್ಲ. ಇಯರ್‌ಫೋನೇ ಗತಿ.